‘ಸರಿ ಸಾರ್’ ಅಂದ ಆರು ವಾರ: ಮೊದಲ ಆಫೀಸು ಕೆಲಸದ ಒಂದು ಪ್ರಕರಣ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ನಡೆದದ್ದು ಇದು. ಕಾರ್ಖಾನೆ, ಬ್ಯಾಂಕು, ವ್ಯಕ್ತಿಗಳು ಯಾರ ಹೆಸರನ್ನೂ ಕೊಟ್ಟಿಲ್ಲ. ಗುರುತು ಸಿಗದಿರಲೆಂದು ವ್ಯಾಪಾರಿಗಳ ಮೊತ್ತವನ್ನೂ ಕೊಂಚ ಬದಲಿಸಿದೆ. ಯಾವುದು ಮೊದಲು, ಯಾವುದು ಆಮೇಲೆ, ಯಾರು ಯಾವ ಗಳಿಗೆಯಲ್ಲಿ ಏನು ತೀರ್ಮಾನಿಸಿದರು ಎಂಬುದಷ್ಟೇ ಇದ್ದ ಹಾಗೆ ಇದೆ. ಮೊದಲ ಸಲ ಆಫೀಸು ಕೆಲಸಕ್ಕೆ ಹೋಗುವವರಿಗೆಂದು ಬರೆದದ್ದು. ಹೊಸಬರನ್ನು ಕೈಕೆಳಗೆ ಇಟ್ಟುಕೊಂಡ ಹಿರಿಯರು ಓದಿದರೆ ಇನ್ನೂ ಒಳ್ಳೆಯದು, ಏಕೆಂದರೆ ಇದರಲ್ಲಿ ಅರ್ಧ ಪಾಲು ಅವರದೇ.

ಹಿನ್ನೆಲೆ

ಆಕೆ ಮಂಡ್ಯ ತಾಲ್ಲೂಕಿನ ಹಳ್ಳಿಯವಳು. ಬಿ.ಕಾಂ. ಮುಗಿಸಿ ಆಗಸ್ಟ್ 18ರಂದು ಅಕೌಂಟ್ಸ್ ಅಸಿಸ್ಟೆಂಟ್ ಆಗಿ ಸೇರಿದಳು. ಮನೆಯಲ್ಲಿ ಕಬ್ಬು, ಭತ್ತದ ಬೇಸಾಯ. ಆಫೀಸಿನಲ್ಲಿ ದುಡಿದವರು ಆ ಮನೆತನದಲ್ಲಿ ಯಾರೂ ಇರಲಿಲ್ಲ. ತಿಂಗಳಿಗೆ 18,000 ರೂಪಾಯಿ ಸಂಬಳ, ಆರು ತಿಂಗಳ ಪ್ರೊಬೇಷನ್. ಬೆಳಿಗ್ಗೆ ಆರೂಮುಕ್ಕಾಲಿಗೆ ಮನೆ ಬಿಟ್ಟು ಮಂಡ್ಯಕ್ಕೆ ಬಂದು, ಅಲ್ಲಿಂದ ಸಾರಿಗೆ ಬಸ್ಸು ಹಿಡಿದು, ಮೈಸೂರಿನ ಹೊರವರ್ತುಲ ರಸ್ತೆ ಸಿಗುವಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದರೆ ಒಂಬತ್ತಕ್ಕೆ ಆಫೀಸು. ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದ್ದುದರಿಂದಲೇ ಮನೆಯವರು ದಿನಾ ಓಡಾಡಲು ಒಪ್ಪಿದ್ದು.

ವಿಭಾಗದಲ್ಲಿದ್ದವರು ನಾಲ್ವರು. ಮ್ಯಾನೇಜರ್, ಇಪ್ಪತ್ತು ವರ್ಷ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಓಡಿಸಿದ ಹಿರಿಯ ಅಕೌಂಟೆಂಟ್, ಸಂಬಳ ಮತ್ತು ಪಿಎಫ್ (ಭವಿಷ್ಯನಿಧಿ) ನೋಡಿಕೊಳ್ಳುವ ಮಹಿಳೆ, ಇವಳು. ಇವಳ ಪಾಲಿಗೆ ಬಂದ ಕೆಲಸ ಖರೀದಿ ಬಿಲ್ಲುಗಳ ಎಂಟ್ರಿ, ಸ್ಟೋರ್ಸ್ ಕಾಗದಗಳ ಜೊತೆ ತಾಳೆ ನೋಡುವುದು, ಮತ್ತೆ ತಿಂಗಳಿಗೆರಡು ಸಲ ಸರಬರಾಜುದಾರರಿಗೆ ಹಣ ಕಳಿಸುವ ಪಟ್ಟಿ ತಯಾರಿಸುವುದು.

ಕಾಲೇಜಿನಲ್ಲಿ ಕಲಿತದ್ದು ಸುಳ್ಳಾಗಿರಲಿಲ್ಲ. ಜರ್ನಲ್ ಎಂಟ್ರಿ ಬರುತ್ತಿತ್ತು, ಟ್ಯಾಲಿಯಲ್ಲಿ ಎಫ್5 ಪೇಮೆಂಟು, ಎಫ್9 ಪರ್ಚೇಸು ಎಂಬುದೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಕಾಗದ ಹರಿಯುವ ದಾರಿ. ಒಂದು ಬಿಲ್ಲು ಪಾಸಾಗಬೇಕಾದರೆ ಮೂರು ಕಾಗದ ಒಂದಕ್ಕೊಂದು ಹೊಂದಬೇಕು: ನಾವು ಕೊಟ್ಟ ಪರ್ಚೇಸ್ ಆರ್ಡರು, ಮಾಲು ಬಂದಾಗ ಸ್ಟೋರ್ಸ್‌ನವರು ಬರೆಯುವ ಜಿಆರ್‌ಎನ್, ಅವರು ಕಳಿಸಿದ ಬಿಲ್ಲು. ದರವನ್ನು ಆರ್ಡರಿನಿಂದ ನೋಡಬೇಕು, ಪ್ರಮಾಣವನ್ನು ಜಿಆರ್‌ಎನ್‌ನಿಂದ, ತೆರಿಗೆಯನ್ನು ಬಿಲ್ಲಿನಿಂದ. ಮೂರರಲ್ಲಿ ಒಂದು ತಪ್ಪಿದರೂ ಬಿಲ್ಲು ಪಕ್ಕಕ್ಕೆ. ಬಿ.ಕಾಂ. ಮುಗಿಸಿದವರಿಗೆ ಇದನ್ನು ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು. ಆ ಅರ್ಧ ಗಂಟೆಯನ್ನು ಇಲ್ಲಿ ಯಾರೂ ಕೊಡಲಿಲ್ಲ.

ಸಮಸ್ಯೆ ಬೆಳೆದದ್ದು

ಎರಡನೇ ವಾರದ ಒಂದು ಸೂಚನೆಯನ್ನು ಬಿಡಿಸಿ ನೋಡುವುದು ಒಳ್ಳೆಯದು. ಹಿರಿಯ ಅಕೌಂಟೆಂಟ್ ಫೋನಿನಲ್ಲಿ ಮಾತಾಡುತ್ತಲೇ ಫೈಲು ಮುಂದಿಟ್ಟು ಹೇಳಿದರು: “ಆ ಹೊಸೂರ್ ಪಾರ್ಟಿ ಬಿಲ್ಲು ಜಿಆರ್‌ಎನ್ ಜೊತೆ ಮ್ಯಾಚ್ ಮಾಡಿ ಪಾಸ್ ಮಾಡ್ಬಿಡಮ್ಮ, ರೇಟ್ ಡಿಫರೆನ್ಸ್ ಇದ್ರೆ ಡೆಬಿಟ್ ನೋಟ್ ಹಾಕು.” ಆಕೆ “ಸರಿ ಸಾರ್” ಅಂದಳು.

ಅದನ್ನು ಹೇಳಿದವರಿಗೆ ಅದು ಒಂದು ಕೆಲಸ. ಕೇಳಿಸಿಕೊಂಡವಳಿಗೆ ಐದು ಪ್ರಶ್ನೆ. ಜಿಆರ್‌ಎನ್ ಎಲ್ಲಿದೆ, ಸ್ಟೋರ್ಸ್‌ಗೆ ಹೋಗಿ ಕೇಳಬೇಕೋ ಕಂಪ್ಯೂಟರಿನಲ್ಲಿ ಸಿಗುತ್ತದೋ? ಪಾಸ್ ಮಾಡುವುದು ಅಂದರೆ ಎಂಟ್ರಿ ಹಾಕುವುದೋ, ಸೀಲು ಒತ್ತಿ ಸಹಿಗೆ ಇಡುವುದೋ? ವ್ಯತ್ಯಾಸ ಎಂದರೆ ಯಾವುದಕ್ಕೂ ಯಾವುದಕ್ಕೂ? ಹೆಚ್ಚಿಗೆ ಹಾಕಿದ ಹಣವನ್ನು ಕಡಿಯಲು ಬರೆಯುವ ಡೆಬಿಟ್ ನೋಟಿನಲ್ಲಿ ತೆರಿಗೆ ಸೇರಿಸಬೇಕೋ? ಇದು ಯಾವತ್ತಿಗೆ ಬೇಕು? ಐದರಲ್ಲಿ ಒಂದನ್ನೂ ಕೇಳದೆ ಆಕೆ ಹಳೇ ಫೈಲು ತೆರೆದು, ಹಿಂದಿನವರು ಮಾಡಿದ್ದನ್ನು ನೋಡಿ ಊಹಿಸಿದಳು. ಊಹೆ ಬಹುಪಾಲು ಸರಿಯಾಯಿತು. ಸರಿಯಾಗದ ಪಾಲು ತೆರಿಗೆಯಲ್ಲಿತ್ತು. ಹೊಸೂರು ತಮಿಳುನಾಡಿನಲ್ಲಿದೆ, ಅಲ್ಲಿನ ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆ 33ರಿಂದ ಶುರುವಾಗುತ್ತದೆ, ನಮ್ಮದು 29ರಿಂದ. ಹೊರರಾಜ್ಯದಿಂದ ಇಲ್ಲಿಗೆ ಬಂದ ಮಾಲಿಗೆ ಐಜಿಎಸ್‌ಟಿ ಹಾಕಬೇಕು. ಆಕೆ ನಾಲ್ಕು ಬಿಲ್ಲುಗಳನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು, ರಾಜ್ಯದೊಳಗಿನ ಮಾಲಿಗೆ ಹಾಕುವ ಹಾಗೆ, ಅರ್ಧರ್ಧ ಒಡೆದು ಹಾಕಿದ್ದಳು.

ಸೆಪ್ಟೆಂಬರ್ 14ಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ ಬಂದ ಖರೀದಿ ತೆರಿಗೆಯ ಪಟ್ಟಿ, ಜಿಎಸ್‌ಟಿಆರ್-2ಬಿ ಜೊತೆ ಪುಸ್ತಕವನ್ನು ತಾಳೆ ನೋಡುವಾಗ ಹಿರಿಯರಿಗೆ ಇದು ಸಿಕ್ಕಿತು. ಅವರು ಐದು ನಿಮಿಷದಲ್ಲಿ ತಾವೇ ತಿದ್ದಿದರು. ಆಕೆಗೆ ಹೇಳಲಿಲ್ಲ. “ಪಾಪ, ಹೊಸ ಹುಡುಗಿ, ಬೇಜಾರು ಮಾಡ್ಕೋತಾಳೆ” ಎಂಬುದು ಅವರ ಕಾರಣ. ಸೆಪ್ಟೆಂಬರಿನಲ್ಲಿ ಇಂಥ ತಿದ್ದುಪಡಿ ಇನ್ನೂ ಕೆಲವು ಆದವು, ಒಂದೂ ಆಕೆಯ ಕಿವಿಗೆ ಬೀಳಲಿಲ್ಲ. ಈ ಪ್ರಕರಣದ ಮೊದಲ ತಿರುವು ಇದೇ ಎಂದು ಹೇಳಬೇಕು. ಮನಸ್ಸು ನೋಯಿಸಬಾರದೆಂದು ಮಾಡಿದ್ದು ಆಕೆಯ ಕಲಿಕೆಯನ್ನೇ ಕಿತ್ತುಕೊಂಡಿತು. ತನ್ನ ಕೆಲಸ ಸರಿಯಿದೆ ಎಂದು ಆಕೆ ನಂಬಿದಳು. ಆಕೆ ಚುರುಕಾಗಿ ಕಲಿಯುತ್ತಿದ್ದಾಳೆ ಎಂದು ಮ್ಯಾನೇಜರ್ ನಂಬಿದರು. ಆ ನಂಬಿಕೆಯ ಮೇಲೇ ಹಣ ಕಳಿಸುವ ಪಟ್ಟಿ ಆಕೆಯ ಕೈಗೆ ಬಂತು.

ಮ್ಯಾನೇಜರ್ ಏನೂ ಮಾಡಿರಲಿಲ್ಲ ಎಂದಲ್ಲ. “ಡೌಟ್ ಇದ್ರೆ ಕೇಳಮ್ಮ, ಸಂಕೋಚ ಬೇಡ” ಎಂದು ಎರಡು ಮೂರು ಸಲ ಹೇಳಿದ್ದರು. ಇದು ಎಲ್ಲ ಆಫೀಸಿನಲ್ಲೂ ಕೇಳುವ ಮಾತು, ಕೆಲಸಕ್ಕೆ ಬಾರದ ಮಾತು ಕೂಡ. ಹೊಸಬರಿಗೆ ಯಾವುದು ಅನುಮಾನಪಡಬೇಕಾದ ಜಾಗ ಎಂಬುದೇ ಗೊತ್ತಿರುವುದಿಲ್ಲ. 33ಕ್ಕೂ 29ಕ್ಕೂ ವ್ಯತ್ಯಾಸ ಇದೆಯೆಂದು ತಿಳಿಯದವಳು ಅದರ ಬಗ್ಗೆ ಏನೆಂದು ಕೇಳುತ್ತಾಳೆ? ಇದರ ನಡುವೆ ಆಕೆ, ತನ್ನ ತೊಡಕು ಇಂಗ್ಲಿಷಿನದು ಅಂದುಕೊಂಡು ಭಾನುವಾರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದಳು. ಆ ವಿಭಾಗದಲ್ಲಿ ಮಾತು ನಡೆಯುತ್ತಿದ್ದದ್ದೇ ಕನ್ನಡದಲ್ಲಿ.

ಸೆಪ್ಟೆಂಬರ್ 29, ಸೋಮವಾರ

ಆ ವರ್ಷ ಆಯುಧಪೂಜೆ ಅಕ್ಟೋಬರ್ 1ಕ್ಕೆ, ವಿಜಯದಶಮಿ 2ಕ್ಕೆ. ಮೈಸೂರು ಸೀಮೆಯ ಸಣ್ಣ ವರ್ಕ್‌ಶಾಪಿನವರಿಗೆ ಇದು ವರ್ಷದ ದೊಡ್ಡ ಲೆಕ್ಕದ ದಿನ. ಯಂತ್ರಗಳಿಗೆ ಪೂಜೆ ಮಾಡಿ, ಹುಡುಗರಿಗೆ ಬೋನಸ್ಸು, ಸಿಹಿ ಕೊಡಬೇಕು. ಹಾಗಾಗಿ ಹಬ್ಬಕ್ಕೆ ಮುಂಚೆ ಹಣ ಹಾಕಿ ಎಂದು ಎಲ್ಲ ಕಡೆಯಿಂದ ಫೋನು. ಸೋಮವಾರ 23 ಮಂದಿಗೆ ಒಟ್ಟು 11,84,000 ರೂಪಾಯಿ ಕಳಿಸಬೇಕಿತ್ತು.

ತಂತ್ರಾಂಶದಿಂದ ಪಟ್ಟಿ ಸಿಎಸ್‌ವಿ ಕಡತವಾಗಿ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರ-ಅಂಕಿಗಳ ಕಡತವಾಗಿ, ಹೊರಬರುತ್ತದೆ. ಅದನ್ನೇ ಬ್ಯಾಂಕಿನ ಪೋರ್ಟಲ್‌ಗೆ ಏರಿಸಬೇಕು. ಅವತ್ತು ಇಬ್ಬರ ಬಿಲ್ಲು ತಡೆಹಿಡಿದಿದ್ದರಿಂದ ಆ ಎರಡು ಸಾಲು ಅಳಿಸಲೆಂದು ಆಕೆ ಕಡತವನ್ನು ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಳು. ತಪ್ಪು ಆದದ್ದು ಆ ಕ್ಲಿಕ್ಕಿನಲ್ಲಿ. ಹಾಗೆ ತೆರೆದರೆ ಎಕ್ಸೆಲ್ ಖಾತೆ ಸಂಖ್ಯೆಯನ್ನು ಬರೀ ಅಂಕಿ ಎಂದು ತಿಳಿಯುತ್ತದೆ. ಮುಂದಿನ ಸೊನ್ನೆಗಳನ್ನು ಉದುರಿಸುತ್ತದೆ. 15 ಅಂಕಿಗಳವರೆಗೆ ಮಾತ್ರ ನೆನಪಿಟ್ಟುಕೊಂಡು 16ನೆಯದನ್ನು ಸೊನ್ನೆ ಮಾಡುತ್ತದೆ. ಉದ್ದದ ಸಂಖ್ಯೆಗಳು ‘1.23457ಇ+15’ ಎಂಬಂತೆ ಕಂಡಾಗ ಆಕೆಗೆ ಏನೋ ಕೆಟ್ಟಿದೆ ಎನಿಸಿತು. ಕಾಲಮ್ಮನ್ನು ಆರಿಸಿ ಫಾರ್ಮ್ಯಾಟ್ ‘ನಂಬರ್’ ಮಾಡಿದಳು, ಸಂಖ್ಯೆ ಪೂರ್ತಿ ಕಂಡಿತು, ನೆಮ್ಮದಿಯಾಯಿತು. ತೋರಿಕೆ ಮಾತ್ರ ಸರಿಹೋಗಿತ್ತು. ಒಮ್ಮೆ ಕಳೆದ ಹದಿನಾರನೇ ಅಂಕಿ ಯಾವ ಫಾರ್ಮ್ಯಾಟ್ ಹಾಕಿದರೂ ಹಿಂದಿರುಗುವುದಿಲ್ಲ.

ಪೋರ್ಟಲ್ ಒಂದು ಸಾಲನ್ನು ಕೆಂಪು ಮಾಡಿ ತೋರಿಸಿತು: ಸೊನ್ನೆಯಿಂದ ಶುರುವಾಗುವ ಖಾತೆ, ಉದ್ದ ಕಡಿಮೆಯಾಗಿದೆ. ಆಕೆ ಅಲ್ಲೇ ಸೊನ್ನೆಗಳನ್ನು ಕೂಡಿಸಿದಳು. ಮಿಕ್ಕ ಸಾಲುಗಳೆಲ್ಲ ಹಸಿರು. ಇಂಥ ಗಳಿಗೆಯಲ್ಲಿ ಅನುಭವಸ್ಥರೂ ಮೋಸಹೋಗುತ್ತಾರೆ. ಒಂದು ತಪ್ಪನ್ನು ಹಿಡಿದುಕೊಟ್ಟ ಯಂತ್ರ ಎಲ್ಲ ತಪ್ಪನ್ನೂ ಹಿಡಿದಿರುತ್ತದೆ ಎನಿಸುತ್ತದೆ. ಪೋರ್ಟಲ್ ನೋಡಿದ್ದು ಉದ್ದವನ್ನು. ಕೊನೆಯ ಅಂಕಿ ಸೊನ್ನೆಯಾದರೂ ಉದ್ದ ಹದಿನಾರೇ ಇರುತ್ತದೆ.

3.15ಕ್ಕೆ ಕಡತ ಏರಿತು. 3.35ಕ್ಕೆ ಹಿರಿಯ ಅಕೌಂಟೆಂಟ್ ಒಟ್ಟು ಮೊತ್ತ ಮತ್ತು ಸಾಲುಗಳ ಎಣಿಕೆ ನೋಡಿ ಅನುಮೋದಿಸಿದರು. ಒಬ್ಬರು ತಯಾರಿಸಬೇಕು, ಇನ್ನೊಬ್ಬರು ಪರಿಶೀಲಿಸಬೇಕು ಎಂಬ ನಿಯಮ ಕಾಗದದ ಮೇಲೆ ಪಾಲನೆಯಾಯಿತು. ಖಾತೆ ಸಂಖ್ಯೆಯನ್ನು ಯಾರೂ ನೋಡಲಿಲ್ಲ.

ಪಟ್ಟಿಯಲ್ಲಿ 16 ಅಂಕಿಯ ಖಾತೆ ಮೂರಿದ್ದವು. ಒಂದರ ಕೊನೆಯ ಅಂಕಿ ಮೊದಲಿಂದಲೂ ಸೊನ್ನೆಯೇ, ಅದು ಬಚಾವಾಯಿತು. ಇನ್ನೊಂದು, 64,800 ರೂಪಾಯಿಯದು, ಅಸ್ತಿತ್ವದಲ್ಲೇ ಇಲ್ಲದ ಖಾತೆಗೆ ಹೊರಟಿತು. ಮೂರನೆಯದು, 1,12,500 ರೂಪಾಯಿ, ಗುರುತೇ ಇಲ್ಲದ ಯಾರದೋ ನಿಜವಾದ ಖಾತೆಗೆ ಜಮೆಯಾಯಿತು. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ ವ್ಯವಸ್ಥೆಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ಹೆಸರು ಬೇರೆ ಇದ್ದರೂ ತಡೆಯುವುದಿಲ್ಲ.

4.40ಕ್ಕೆ ಪ್ರಿಂಟನ್ನು ಫೈಲಿಗೆ ಹಾಕುವಾಗ ಆಕೆಯ ಕಣ್ಣಿಗೆ ಬಿತ್ತು: ಮೂರು ಉದ್ದ ಸಂಖ್ಯೆಗಳೂ ಸೊನ್ನೆಯಲ್ಲೇ ಮುಗಿದಿವೆ. ಐದು ಗಂಟೆ ಹೊತ್ತಿಗೆ ಹಳೇ ಚೆಕ್ಕಿನ ಪ್ರತಿ ನೋಡಿ ಖಚಿತ ಮಾಡಿಕೊಂಡಳು. ಇದನ್ನು ಕಂಡುಹಿಡಿದವಳು ಅವಳೇ ಎಂಬುದನ್ನು ಮರೆಯಬಾರದು. ಆ ಕಣ್ಣು ಒಳ್ಳೆಯ ಅಕೌಂಟೆಂಟಿನ ಕಣ್ಣು. ಮ್ಯಾನೇಜರ್ ಕೋಣೆಯ ಬಾಗಿಲವರೆಗೆ ಎರಡು ಸಲ ಹೋದಳು. ಒಳಗೆ ಯಾರೋ ಕೂತಿದ್ದರು. 5.30ಕ್ಕೆ ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೊರಟಳು.

ಮಾರನೆಯ ದಿನ 11.05ಕ್ಕೆ ಆ 1,12,500 ಸಿಗಬೇಕಾಗಿದ್ದ ಮಾಲೀಕರು, ಮಂಡ್ಯದಲ್ಲಿ ಆರು ಹುಡುಗರನ್ನಿಟ್ಟುಕೊಂಡು ಲೇತ್ ಕೆಲಸ ಮಾಡುವವರು, ಫೋನ್ ಮಾಡಿದರು. ಮೆಸೇಜು ಬಂದಿಲ್ಲವಲ್ಲ ಸ್ವಾಮಿ, ಎಂದು. ಹಿರಿಯರು ಪಟ್ಟಿ ತೆಗೆಯುತ್ತಿದ್ದಂತೆ ಆಕೆ ಎದ್ದು ನಿಂತು, “ಅದು ತಪ್ಪೋಗದೆ ಸಾರ್. ನೆನ್ನೆ ಸಾಯಂಕಾಲನೇ ಗೊತ್ತಾಯ್ತು” ಅಂದಳು.

ಆ ಹದಿನೆಂಟು ಗಂಟೆಯ ಬೆಲೆ

4.40ಕ್ಕೆ ಹೇಳಿದ್ದರೂ ಹಣ ಆಗಲೇ ಹೋಗಿತ್ತಲ್ಲ, ಏನು ಪ್ರಯೋಜನ, ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ನೆಫ್ಟ್ ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಕಂತುಗಳಲ್ಲಿ ಓಡುತ್ತದೆ. 2019ರ ಡಿಸೆಂಬರ್‌ನಿಂದ ರಾತ್ರಿ, ರಜೆ ಎನ್ನದೆ ನಡೆಯುತ್ತಿದೆ. ಜಮೆ ಮಾಡಲಾಗದ ಹಣ ಕಂತು ಮುಗಿದ ಎರಡು ಗಂಟೆಯೊಳಗೆ ಹಿಂದಿರುಗಬೇಕು. ಅದರಂತೆ 64,800 ರೂಪಾಯಿ ಸೋಮವಾರ ಸಂಜೆಯೇ ಕಂಪನಿಯ ಖಾತೆಗೆ ವಾಪಸು ಬಂದು ಕೂತಿತ್ತು. ಸರಿಯಾದ ಸಂಖ್ಯೆ ಹಾಕಿ ಅವತ್ತೇ ರಾತ್ರಿ ಕಳಿಸಬಹುದಿತ್ತು. ಕಳಿಸಿದ್ದು ಮಂಗಳವಾರ ಮಧ್ಯಾಹ್ನ.

1,12,500ರ ವಿಷಯ ಕಠಿಣ. ಬೇರೆಯವರ ಖಾತೆಗೆ ಬಿದ್ದ ಹಣವನ್ನು ಬ್ಯಾಂಕು ತಾನೇ ಎತ್ತಿಕೊಡುವುದಿಲ್ಲ, ಆ ಖಾತೆದಾರರ ಒಪ್ಪಿಗೆ ಬೇಕು. ಯುಟಿಆರ್ ಸಂಖ್ಯೆ (ಪ್ರತಿ ಹಣ ವರ್ಗಾವಣೆಗೆ ಬ್ಯಾಂಕು ಕೊಡುವ ಗುರುತಿನ ಸಂಖ್ಯೆ), ತಪ್ಪಿದ ಖಾತೆ, ಸರಿಯಾದ ಖಾತೆ, ಮೊತ್ತ, ಸಮಯ ಇಷ್ಟನ್ನು ಬರೆದ ಪತ್ರವನ್ನು ನಮ್ಮ ಶಾಖೆಗೆ ಕೊಡಬೇಕು, ಅವರು ಆ ಕಡೆಯ ಬ್ಯಾಂಕಿಗೆ ತಿಳಿಸಬೇಕು. ಸೋಮವಾರ ಸಂಜೆ ಐದಕ್ಕೆ ಶಾಖೆಯವರು ಒಳಗಿರುತ್ತಾರೆ. ಒಂದು ಫೋನು, ಒಂದು ಇಮೇಲು ಸಾಕಾಗುತ್ತಿತ್ತು. ಮಂಗಳವಾರ ಸೆಪ್ಟೆಂಬರ್ 30, ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನ, ಶಾಖೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬುಧವಾರ, ಗುರುವಾರ ರಜೆ. ಪತ್ರ ಆ ಕಡೆ ತಲುಪಿದ್ದು ಶುಕ್ರವಾರ, 3ನೇ ತಾರೀಖು. ಅಷ್ಟರಲ್ಲಿ ಆ ಖಾತೆಯಿಂದ 40,000 ರೂಪಾಯಿ ತೆಗೆದಾಗಿತ್ತು. ಪೂರ್ತಿ ಹಣ ಎರಡು ಕಂತಿನಲ್ಲಿ ಬರಲು 19 ದಿನ ಹಿಡಿಯಿತು.

ಮೂರು ತೀರ್ಮಾನಗಳು

ಮಂಗಳವಾರ ಮಧ್ಯಾಹ್ನ ಮ್ಯಾನೇಜರ್ ಮಾಡಿದ ಮೊದಲ ತೀರ್ಮಾನ ಲೇತ್ ಮಾಲೀಕರದು. ಹೋದ ಹಣ ಬರಲಿ ಬಿಡಲಿ, ಅವರಿಗೆ ಇವತ್ತೇ ಇನ್ನೊಮ್ಮೆ ಹಾಕೋಣ. ಲಕ್ಷ ಮೀರಿದ್ದರಿಂದ ನಿರ್ದೇಶಕರ ಒಪ್ಪಿಗೆ ಬೇಕಿತ್ತು, ಅವರು ಪ್ರಯಾಣದಲ್ಲಿದ್ದರು. ಒಪ್ಪಿಗೆ ಸಿಕ್ಕಿದ್ದು ಸಂಜೆ ಏಳಕ್ಕೆ, ಹಣ ಮುಟ್ಟಿದ್ದು ಎಂಟರ ಮೇಲೆ. ಮಧ್ಯಾಹ್ನವೇ ಅವರು ಕೈಸಾಲ ಮಾಡಿ ಹುಡುಗರಿಗೆ ಬೋನಸ್ಸು ಹಂಚಿಯಾಗಿತ್ತು. ಒಂದು ತಪ್ಪಿನ ಹೊರೆ ಆಫೀಸಿನ ಗೋಡೆಯೊಳಗೆ ನಿಲ್ಲುವುದಿಲ್ಲ ಎಂದು ಹೊಸಬರಿಗೆ ಹೇಳಬೇಕಾದರೆ ಈ ಕೈಸಾಲದ ಮಾತು ಹೇಳಿದರೆ ಸಾಕು.

ಎರಡನೆಯದು ಹೊಣೆಯ ಹಂಚಿಕೆ. ನಿರ್ದೇಶಕರು ಮೆಮೊ ಕೊಡಿ ಎಂದರು. ಮ್ಯಾನೇಜರ್ ಒಪ್ಪಲಿಲ್ಲ, ಮೂರು ಬೇರೆ ಬೇರೆ ತಪ್ಪುಗಳನ್ನು ಬಿಡಿಸಿಟ್ಟರು. ಸಂಖ್ಯೆ ಕೆಟ್ಟದ್ದು ಹೇಳಿಕೊಡದೆ ಕೆಲಸ ಕೊಟ್ಟ ವಿಭಾಗದ್ದು. ನೋಡದೆ ಅನುಮೋದಿಸಿದ್ದು ಹಿರಿಯರದು. ಗೊತ್ತಾದ ಮೇಲೆ ಸುಮ್ಮನಿದ್ದದ್ದು ಆಕೆಯದು. ಆಕೆಗೆ ಹೇಳಿದ್ದು ಈ ಮೂರನೆಯದನ್ನು ಮಾತ್ರ, ಬಾಗಿಲು ಹಾಕಿಕೊಂಡು, ಹತ್ತು ನಿಮಿಷ. ಸಂಬಳಕ್ಕೆ ಕೈ ಹಾಕುವುದಿಲ್ಲ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿದರು. ಇದು ಒಳ್ಳೆಯ ತೀರ್ಮಾನ. ಮೂರನ್ನೂ ಕಲಸಿ ಆಕೆಯ ತಲೆಗೆ ಕಟ್ಟಿದ್ದರೆ ಮುಂದಿನ ತಪ್ಪು ಇನ್ನೂ ಆಳದಲ್ಲಿ ಅಡಗುತ್ತಿತ್ತು.

ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಆಕೆ ಕೊಟ್ಟ ಕಾರಣಗಳು: ಸಾರ್ ಅಪ್ರೂವ್ ಮಾಡಿದ್ದಾರೆ, ಈಗ ಹೇಳಿದರೆ ಅವರ ಮೇಲೆ ದೂರು ಹೇಳಿದ ಹಾಗಾಗುತ್ತದೆ. ಬ್ಯಾಂಕಿನವರೇ ತಪ್ಪು ಹಿಡಿದು ವಾಪಸು ಕಳಿಸುತ್ತಾರೆ ಅಂದುಕೊಂಡೆ. ಒಳಗೆ ಯಾರೋ ಇದ್ದರು. ಮೂರೂ ನಿಜವಾದ ಕಾರಣಗಳೇ. ಇನ್ನೊಂದಿತ್ತು, ಅದು ನವೆಂಬರ್‌ವರೆಗೆ ಹೊರಬರಲಿಲ್ಲ.

ಮೂರನೇ ತೀರ್ಮಾನ ಹಣ ಕಳಿಸುವ ಕೆಲಸವನ್ನು ಆಕೆಯಿಂದ ತೆಗೆಯಬೇಕೋ ಬೇಡವೋ ಎಂಬುದು. ತೆಗೆಯಲಿಲ್ಲ. ವಿಧಾನ ಬದಲಿಸಿದರು.

ಬದಲಿಸಿದ್ದು ಏನೇನು

ಪಟ್ಟಿಯ ಕೆಲಸ ಮೊದಲು. ಸಿಎಸ್‌ವಿ ಕಡತವನ್ನು ನೇರ ತೆರೆಯುವಂತಿಲ್ಲ. ಖಾಲಿ ಎಕ್ಸೆಲ್ ಹಾಳೆ ತೆರೆದು, ಡೇಟಾ ಮೆನುವಿನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಆರಿಸಿ, ಖಾತೆ ಸಂಖ್ಯೆಯ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಗುರುತಿಸಿದ ಮೇಲೆಯೇ ಒಳಗೆ ತರಬೇಕು. ಪಕ್ಕದ ಕಾಲಮ್ಮಿನಲ್ಲಿ ಎಲ್‌ಇಎನ್ ಸೂತ್ರ ಹಾಕಿ ಪ್ರತಿ ಸಂಖ್ಯೆಯ ಉದ್ದ ಎಣಿಸಬೇಕು. ಆ ಬ್ಯಾಂಕಿನ ಖಾತೆ ಎಷ್ಟು ಅಂಕಿಯದು ಎಂಬುದು ವ್ಯಾಪಾರಿ ಪಟ್ಟಿಯಲ್ಲೇ ಬರೆದಿರುತ್ತದೆ. ಉದ್ದ ನೋಡಿದರೆ ಸಾಲದೆಂದು ಈ ಪ್ರಕರಣವೇ ತೋರಿಸಿತ್ತು. ಹಾಗಾಗಿ ಅನುಮೋದನೆಗೆ ಮುಂಚೆ ಒಬ್ಬರು ಪ್ರತಿ ಖಾತೆಯ ಕೊನೆಯ ನಾಲ್ಕು ಅಂಕಿ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ರದ್ದಾದ ಚೆಕ್ಕಿನ ಪ್ರತಿ ಹಿಡಿದು ಹೂಂ ಅನ್ನುತ್ತಾರೆ. 23 ಸಾಲಿಗೆ ಆರೇಳು ನಿಮಿಷ ಸಾಕು. ಹೊಸ ವ್ಯಾಪಾರಿಯನ್ನು ಸೇರಿಸುವಾಗ, 2025ರ ಏಪ್ರಿಲ್‌ನಿಂದ ಬ್ಯಾಂಕುಗಳು ಕೊಡಬೇಕಾಗಿರುವ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು ಬಳಸಿ ಹೆಸರು ಹೊಂದುತ್ತದೋ ನೋಡುತ್ತಾರೆ.

ಮಾತಿನ ವಿಧಾನ ಬದಲಾದದ್ದು ಇದಕ್ಕಿಂತ ದೊಡ್ಡದು, ಕಷ್ಟದ್ದೂ ಹೌದು. ಬರೀ “ಸರಿ ಸಾರ್” ಇನ್ನು ನಡೆಯುವುದಿಲ್ಲ ಎಂದಾಯಿತು. ಸೂಚನೆ ಕೇಳಿದ ಮೇಲೆ ಆಕೆ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು: ಏನು ಮಾಡಬೇಕು, ಯಾವ ಕಾಗದ ನೋಡಿ, ಯಾವಾಗಿನೊಳಗೆ, ಮುಗಿದ ಮೇಲೆ ಯಾರಿಗೆ ತೋರಿಸಬೇಕು. ಹೊಸೂರಿನ ಬಿಲ್ಲಿನ ವಿಷಯವಾಗಿದ್ದರೆ ಹೀಗೆ: “ಸಾರ್, ಜಿಆರ್‌ಎನ್ ಸ್ಟೋರ್ಸ್‌ನಿಂದ ಇಸ್ಕೊಂಡು ಪ್ರಮಾಣ ನೋಡ್ತೀನಿ, ದರ ಆರ್ಡರಿಗೆ ಹೋಲಿಸ್ತೀನಿ, ವ್ಯತ್ಯಾಸ ಬಂದ್ರೆ ಡೆಬಿಟ್ ನೋಟ್ ಹಾಕೋಕ್ ಮುಂಚೆ ನಿಮಗೆ ತೋರಿಸ್ತೀನಿ. ಇವತ್ತು ನಾಲ್ಕಕ್ಕೆ ಸಾಕಾ?” ಹೀಗೆ ಹೇಳುವಾಗ ಎಲ್ಲಿ ನಾಲಿಗೆ ತಡವರಿಸುತ್ತದೋ ಅದೇ ಕೇಳಬೇಕಾದ ಜಾಗ. ಡೌಟು ಯಾವುದೆಂದು ಗೊತ್ತಿಲ್ಲದವರಿಗೆ ಡೌಟು ಹುಡುಕಿಕೊಡುವ ದಾರಿ ಇದೊಂದೇ, ಎರಡು ಕಡೆಯವರಿಗೂ ಒಂದು ನಿಮಿಷದ ಖರ್ಚು.

ಕೆಲಸದ ನಡುವೆ ಸಿಕ್ಕಿಹಾಕಿಕೊಂಡರೆ ಇಪ್ಪತ್ತು ನಿಮಿಷ ತಾನೇ ಒದ್ದಾಡಬೇಕು, ಆಮೇಲೆ ಕೇಳಲೇಬೇಕು. ಕೇಳುವಾಗ ಏನು ಮಾಡುತ್ತಿದ್ದೆ, ಏನೇನು ನೋಡಿದೆ, ಎಲ್ಲಿ ನಿಂತಿತು ಎಂಬ ಕ್ರಮ. “ಸಾರ್, ಇದು ಬರ್ತಿಲ್ಲ” ಎಂದು ಬಂದವರಿಗೆ ಯಾರೇ ಆದರೂ ಸಿಡುಕುತ್ತಾರೆ. ಮೂರು ವಾಕ್ಯ ಹೇಳಿದವರಿಗೆ ಉತ್ತರ ಕೊಡುತ್ತಾರೆ. ಅವಸರವಿಲ್ಲದ ಪ್ರಶ್ನೆಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟು ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಹತ್ತತ್ತು ನಿಮಿಷ ಹಿರಿಯರ ಜೊತೆ ಕೂರುವುದು. ಹಿರಿಯರೂ ಆ ಹೊತ್ತಿನಲ್ಲೇ ತಾವು ತಿದ್ದಿದ್ದನ್ನು ತೋರಿಸಬೇಕು, ಇನ್ನು ಗುಟ್ಟಾಗಿ ತಿದ್ದುವ ಹಾಗಿಲ್ಲ.

ತಪ್ಪು ಗೊತ್ತಾದರೆ ಮಾತ್ರ ಯಾವ ಹೊತ್ತಿಗೂ ಕಾಯುವಂತಿಲ್ಲ. ಒಳಗೆ ಯಾರೇ ಕೂತಿರಲಿ, ಬಾಗಿಲು ತಟ್ಟಿ “ಸಾರ್, ಹಣದ ವಿಷಯ, ಎರಡು ನಿಮಿಷ” ಅನ್ನಬೇಕು. ಆಮೇಲೆ ಏನಾಗಿದೆ, ಎಷ್ಟು ಮೊತ್ತ, ಎಷ್ಟು ಹೊತ್ತಿಗೆ ಗೊತ್ತಾಯಿತು, ಈಗಲೂ ತಡೆಯಬಹುದಾದದ್ದು ಏನಿದೆ ಎಂದು ಹೇಳಬೇಕು. ಯಾರಿಂದಾಯಿತು ಎಂಬುದು ಆ ಎರಡು ನಿಮಿಷದಲ್ಲಿ ಬೇಡ. ಬಾಗಿಲಲ್ಲಿ ಅನ್ನಬೇಕಾದ ಆ ವಾಕ್ಯವನ್ನು ಮ್ಯಾನೇಜರ್ ಆಕೆಯಿಂದ ಎರಡು ಸಲ ಬಾಯಿಬಿಟ್ಟು ಹೇಳಿಸಿದರು. ಹಾಸ್ಯ ಎನಿಸಬಹುದು. ಬಾಗಿಲಲ್ಲಿ ನಿಂತು ಏನನ್ನಬೇಕು ಎಂದು ತಿಳಿಯದೆ ಎರಡು ಸಲ ಹಿಂದಿರುಗಿದವಳಿಗೆ ಬೇಕಾಗಿದ್ದದ್ದು ಧೈರ್ಯದ ಉಪದೇಶಕ್ಕಿಂತ ಆ ಐದು ಪದ.

ಆಮೇಲೆ

ಎಲ್ಲವೂ ನೆಟ್ಟಗೆ ನಡೆಯಲಿಲ್ಲ. ಮೊದಲ ಎರಡು ವಾರ ಆಕೆ ಪ್ರತಿಯೊಂದಕ್ಕೂ ಎದ್ದು ಬರತೊಡಗಿದಳು, ಸ್ಟೇಪ್ಲರ್ ಪಿನ್ನು ಎಲ್ಲಿಂದ ತರುವುದು ಎಂಬುದಕ್ಕೂ. ಭಯ ದಿಕ್ಕು ಬದಲಿಸಿತ್ತು ಅಷ್ಟೆ. ಆಗ ಹಿರಿಯರು ಸಿಟ್ಟಾಗದೆ “ನೀನಾಗಿದ್ರೆ ಏನ್ ಮಾಡ್ತಿದ್ದೆ?” ಎಂದು ತಿರುಗಿ ಕೇಳಲು ಶುರುಮಾಡಿದರು. ಹತ್ತರಲ್ಲಿ ಏಳೆಂಟಕ್ಕೆ ಆಕೆಯ ಉತ್ತರವೇ ಸರಿಯಿರುತ್ತಿತ್ತು, ಪ್ರಶ್ನೆಗಳು ತಾವಾಗಿ ಕಡಿಮೆಯಾದವು. ತಿಂಗಳ ಕೊನೆಯಲ್ಲಿ, 11ರ ಜಿಎಸ್‌ಟಿಆರ್-1 ಮತ್ತು 20ರ 3ಬಿ ಎಂಬ ತೆರಿಗೆ ರಿಟರ್ನುಗಳ ಗಡುವಿನ ಹಿಂದುಮುಂದೆ ನಾಲ್ಕು ಗಂಟೆಯ ಕೂರಾಟ ತಪ್ಪಿಹೋಗುತ್ತಿತ್ತು, ಈಗಲೂ ತಪ್ಪುತ್ತದೆ. ಸ್ಟೋರ್ಸ್‌ನ ಮುಖ್ಯಸ್ಥರಿಗೆ ತಿರುಗಿ ಹೇಳುವ ಪದ್ಧತಿ ಹಿಡಿಸಲೇ ಇಲ್ಲ. “ಹೇಳಿದ್ದನ್ನೇ ಹೇಳ್ತೀಯಲ್ಲಮ್ಮ, ನಾನೇನು ಸುಳ್ಳು ಹೇಳ್ತೀನಾ?” ಅಂದರು. ಅವರ ಜೊತೆ ಆಕೆ ಚೀಟಿಯಲ್ಲಿ ಬರೆದು ತೋರಿಸಿ ಟಿಕ್ಕು ಹಾಕಿಸಿಕೊಳ್ಳುತ್ತಾಳೆ. ಬಾಯಿಮಾತಿಗೆ ಒಗ್ಗದವರಿಗೆ ಇದು ಸಾಕಾಗುತ್ತದೆ.

ಅಕ್ಟೋಬರ್ ಕೊನೆಯಲ್ಲಿ ಒಂದು ಬಿಲ್ಲು ಎರಡು ಸಲ ಎಂಟ್ರಿಯಾಗಿತ್ತು, 27,300 ರೂಪಾಯಿ. ಪಟ್ಟಿ ಏರಿಸುವ ಮುಂಚೆ ಆಕೆಯೇ ನೋಡಿದಳು, ಬಾಗಿಲು ತಟ್ಟಿದಳು. ಒಳಗೆ ಆಡಿಟರು ಕೂತಿದ್ದರು. ಎರಡು ನಿಮಿಷದ ಮಾತು ಒಂದೇ ನಿಮಿಷದಲ್ಲಿ ಮುಗಿಯಿತು.

ನವೆಂಬರ್‌ನ ಒಂದು ನಾಲ್ಕು ಗಂಟೆಯ ಕೂರಾಟದಲ್ಲಿ, ಬೇರೆ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಆಕೆ ನೋಟುಪುಸ್ತಕ ಮುಚ್ಚಿ ಕೇಳಿದಳು: “ಸಾರ್, ಆಗಸ್ಟ್‌ನಲ್ಲಿ ನನ್ನ ಯಾವ ತಪ್ಪಿಗೆ 874 ರೂಪಾಯಿ ಹಿಡಿದಿದ್ರಿ?”

ಹಿರಿಯರಿಗೆ ಅರ್ಥವಾಗಲಿಲ್ಲ. ಆಕೆ ತಾನೇ ಹಾಕಿಟ್ಟುಕೊಂಡಿದ್ದ ಲೆಕ್ಕ ತೋರಿಸಿದಳು. ಆಗಸ್ಟ್‌ನಲ್ಲಿ ಕೆಲಸ ಮಾಡಿದ್ದು 14 ದಿನ. 18,000ವನ್ನು 31ರಿಂದ ಭಾಗಿಸಿ 14ರಿಂದ ಗುಣಿಸಿದರೆ 8,129. ಖಾತೆಗೆ ಬಂದದ್ದು 7,255. ಪೇಸ್ಲಿಪ್ಪು ಇಮೇಲಿಗೆ ಬಂದಿತ್ತು. ತೆರೆಯಲು ಪಾಸ್‌ವರ್ಡ್ ಏನೆಂದು ಕೇಳಲು ಸಂಕೋಚವಾಗಿ ತೆರೆದೇ ಇರಲಿಲ್ಲ. ತಪ್ಪು ಮಾಡಿದರೆ ಸಂಬಳದಲ್ಲಿ ಹಿಡಿಯುತ್ತಾರೆ ಎಂದು ಊರಲ್ಲಿ ಯಾರೋ ಹೇಳಿದ್ದರು. 29ರ ಸಂಜೆ ಬಾಗಿಲಿನಿಂದ ಹಿಂದಿರುಗಿದಾಗ ಆಕೆಯ ತಲೆಯಲ್ಲಿದ್ದದ್ದು ಒಂದೇ ಲೆಕ್ಕ: ಗೊತ್ತೇ ಇಲ್ಲದ ತಪ್ಪಿಗೆ 874 ಹೋಯಿತು, ಲಕ್ಷದ ತಪ್ಪಿಗೆ ಎಷ್ಟು ತಿಂಗಳ ಸಂಬಳ ಹೋಗುತ್ತದೆ? ಸಂಬಳ ಹಿಡಿಯುವುದಿಲ್ಲ ಎಂದು ಮಾರನೆಯ ದಿನ ಮ್ಯಾನೇಜರ್ ಹೇಳಿದಾಗಲೂ, ಈ ಒಂದು ಸಲಕ್ಕೆ ಬಿಟ್ಟಿದ್ದಾರೆ ಅಂದುಕೊಂಡಿದ್ದಳು.

ಹಿರಿಯರು ಆಕೆಯ ಪುಸ್ತಕದಲ್ಲೇ ಬರೆದು ತೋರಿಸಿದರು. ಮೂಲವೇತನ ಮತ್ತು ತುಟ್ಟಿಭತ್ಯೆ ತಿಂಗಳಿಗೆ 15,000, 14 ದಿನಕ್ಕೆ 6,774, ಅದರ ಶೇ. 12 ಪಿಎಫ್ 813 ರೂಪಾಯಿ. ಒಟ್ಟು 8,129ರ ಶೇ. 0.75 ಇಎಸ್‌ಐ 61 ರೂಪಾಯಿ. ಎರಡೂ ಸೇರಿ 874. ವೃತ್ತಿ ತೆರಿಗೆ ಇಲ್ಲ, ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಇದ್ದರೆ ಅದು ಬರುವುದಿಲ್ಲ. ಪಿಎಫ್‌ಗೆ ಕಂಪನಿಯೂ ಅಷ್ಟೇ ಪಾಲು ಹಾಕುತ್ತದೆ, ಆ ಶೇ. 12ರಲ್ಲಿ 8.33 ಪಿಂಚಣಿಗೆ. ಇಎಸ್‌ಐಗೆ ಕಂಪನಿಯ ಪಾಲು ಶೇ. 3.25, ಕಾಯಿಲೆಯಾದರೆ ಚಿಕಿತ್ಸೆಗೆ. ಇದು ನಿನ್ನ ದುಡ್ಡೇ ಕಣಮ್ಮ, ನಿನ್ನ ಹೆಸರಲ್ಲೇ ಇದೆ, ಎಂದು ಆಕೆಯ ಪಿಎಫ್ ಗುರುತಿನ ಹನ್ನೆರಡು ಅಂಕಿಯ ಯುಎಎನ್ ಸಂಖ್ಯೆಯನ್ನು ಕೆಳಗೆ ಬರೆದುಕೊಟ್ಟರು.

ಈಗ ಆ ವಿಭಾಗದಲ್ಲಿ ಹೊಸಬರ ಮೊದಲ ಪೇಸ್ಲಿಪ್ಪನ್ನು ಇಮೇಲಿನಲ್ಲಿ ಬಿಡುವುದಿಲ್ಲ. ಸಂಬಳ ನೋಡಿಕೊಳ್ಳುವ ಮಹಿಳೆ ಪ್ರಿಂಟು ತೆಗೆದು, ಎದುರಿಗೆ ಕೂರಿಸಿಕೊಂಡು, ಕಡಿತದ ಪ್ರತಿ ಸಾಲನ್ನೂ ಪೆನ್ನಿನಲ್ಲಿ ಗುರುತು ಹಾಕಿ ಓದಿ ಹೇಳುತ್ತಾರೆ, ಆಮೇಲೆ ಅವರಿಂದಲೇ ತಿರುಗಿ ಹೇಳಿಸುತ್ತಾರೆ.